ಫ್ಲೂ ಲಸಿಕೆ: ಯಾವುದು, ಯಾವಾಗ, ಮನೆಯಲ್ಲಿ ಮೊದಲು ಯಾರಿಗೆ?

ಮೇ ಕೊನೆಗೆ ಶಾಲೆ ಶುರು. ಜುಲೈ ಬರುವಷ್ಟರಲ್ಲಿ ರಾಯಚೂರಿನ ಮಕ್ಕಳ ಕ್ಲಿನಿಕ್‌ಗಳ ಮುಂದೆ ಚಪ್ಪಲಿ ಬಿಡಲೂ ಜಾಗ ಇರುವುದಿಲ್ಲ. ಕೆಮ್ಮು, ಜ್ವರ, ಮೈಕೈ ನೋವು. ಮೊದಲು ಮಗುವಿಗೆ, ಆಮೇಲೆ ಅವ್ವನಿಗೆ, ವಾರದೊಳಗೆ ಅಜ್ಜ-ಅಜ್ಜಿಗೆ. ಇವೆಲ್ಲ ಫ್ಲೂ ಅಲ್ಲ. ಆದರೆ ಫ್ಲೂ ಪಾಲು ಸಣ್ಣದೇನೂ ಅಲ್ಲ, ಮತ್ತು ಅದಕ್ಕೆ ಲಸಿಕೆ ಇದೆ.

ತೊಂದರೆ ಏನಂದರೆ, ಈ ಲಸಿಕೆ ಸರ್ಕಾರ ಮಕ್ಕಳಿಗೆ ಉಚಿತವಾಗಿ ಹಾಕುವ ಲಸಿಕೆಗಳ ಪಟ್ಟಿಯಲ್ಲಿ ಇಲ್ಲ. ಅಂಗನವಾಡಿಯಲ್ಲಿ ಪೆಂಟಾವೇಲೆಂಟ್ ಹಾಕಿಸಿದ್ದೇವೆ, ಸಾಕಲ್ವಾ ಅಂತ ಕೇಳುವವರಿದ್ದಾರೆ. ಅದು ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮುಂತಾದ ಐದು ಕಾಯಿಲೆಗಳಿಗೆ. ಫ್ಲೂ ಅದರಲ್ಲಿ ಸೇರಿಲ್ಲ. ಫ್ಲೂ ಲಸಿಕೆಯನ್ನು ಖಾಸಗಿಯಾಗಿ ಹಾಕಿಸಿದರೆ ಒಬ್ಬರಿಗೆ ಸುಮಾರು 1,500ರಿಂದ 2,000 ರೂಪಾಯಿ, ಕೆಲವು ಕಡೆ ಇನ್ನೂ ಜಾಸ್ತಿ. ಅದೂ ಪ್ರತಿ ವರ್ಷ. ಆರು ಜನರ ಮನೆಗೆ ಹತ್ತು ಸಾವಿರದ ಲೆಕ್ಕ. ಎಲ್ಲರೂ ಹಾಕಿಸಿಕೊಳ್ಳಿ ಅನ್ನುವ ಮಾತು ಸರಿಯೇ, ಆದರೆ ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಅದು ಆಗುವ ಮಾತಲ್ಲ. ಒಬ್ಬರಿಗೋ ಇಬ್ಬರಿಗೋ ಮಾತ್ರ ಹಾಕಿಸಲು ಆಗುತ್ತದೆ ಅಂದಾಗ ಯಾರನ್ನು ಆರಿಸಬೇಕು, ಉಳಿದವರು ಏನು ಮಾಡಬೇಕು? ನಾನು ಹೇಳಹೊರಟಿರುವುದು ಇದನ್ನೇ.

ಲಸಿಕೆಯೋ, ಒಳ್ಳೆಯ ಅಭ್ಯಾಸವೋ?

ಮೊದಲು ಲಸಿಕೆಯ ಲೆಕ್ಕ. ಆ ವರ್ಷ ಓಡಾಡುವ ವೈರಸ್‌ಗೂ ಲಸಿಕೆಗೂ ಹೊಂದಿಕೆ ಚೆನ್ನಾಗಿದ್ದರೆ, ಫ್ಲೂ ಬಂದು ಡಾಕ್ಟರ ಹತ್ತಿರ ಓಡುವ ಸಾಧ್ಯತೆ ಶೇಕಡಾ 40ರಿಂದ 60ರಷ್ಟು ಕಡಿಮೆಯಾಗುತ್ತದೆ. "ಅರ್ಧಕ್ಕರ್ಧಾನಾ? ಅಷ್ಟಕ್ಕೆ ಎರಡು ಸಾವಿರ ಕೊಡಬೇಕೇನ್ರಿ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಲಸಿಕೆ ಹಾಕಿಸಿಕೊಂಡ ಮೇಲೂ ಫ್ಲೂ ಬಂದವರಲ್ಲಿ ಐಸಿಯುಗೆ ಹೋಗುವವರು ಕಡಿಮೆ. ವಯಸ್ಸಾದವರಿಗೆ ಮುಖ್ಯವಾದ ಲಾಭ ಅದೇ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯಲ್ಲಿ 82 ವರ್ಷದ ಹಿರಿಯರೊಬ್ಬರು ಎಚ್3ಎನ್2 ಎಂಬ ತಳಿಯ ಫ್ಲೂನಿಂದ ತೀರಿಕೊಂಡ ಸುದ್ದಿ ನೆನಪಿರಬಹುದು.

ಕೈ ತೊಳೆಯುವುದು, ಕಿಟಕಿ ತೆರೆದಿಡುವುದು, ಜ್ವರ ಬಂದಾಗ ಮನೆಯಲ್ಲೇ ಇರುವುದು, ಇಂಥ ಅಭ್ಯಾಸಗಳಿಗೆ ದುಡ್ಡು ಬೇಕಿಲ್ಲ. ಜೊತೆಗೆ ಶೀತ, ಕೋವಿಡ್, ಫ್ಲೂ ಎಲ್ಲದಕ್ಕೂ ಅವು ಒಂದಿಷ್ಟು ತಡೆ ಒಡ್ಡುತ್ತವೆ. ಆದರೆ ಅವುಗಳಲ್ಲಿ ಒಂದು ದೊಡ್ಡ ತೂತಿದೆ. ಫ್ಲೂ ಬಂದವರು ಜ್ವರ ಕಾಣಿಸಿಕೊಳ್ಳುವ ಹಿಂದಿನ ದಿನದಿಂದಲೇ ಅದನ್ನು ಹರಡಲು ಶುರು ಮಾಡುತ್ತಾರೆ. ಮೊಮ್ಮಗ ಸಂಜೆ ಆರಾಮಾಗಿ ಆಡಿಕೊಂಡು ಬಂದು ಅಜ್ಜಿಯ ತೊಡೆ ಮೇಲೆ ಮಲಗುತ್ತಾನೆ. ಅವನಿಗೆ ಜ್ವರ ಬರುವುದು ಮರುದಿನ. ಅಜ್ಜಿ ದಿನಕ್ಕೆ ಹತ್ತು ಸಲ ಕೈ ತೊಳೆದರೂ ಆ ಸಂಜೆಯನ್ನು ತಡೆಯಲು ಆಗುವುದಿಲ್ಲ. ಹಾಗಾಗಿ ಜೀವಕ್ಕೆ ಅಪಾಯ ಇರುವವರನ್ನು ಬರೀ ಅಭ್ಯಾಸದ ಮೇಲೆ ಬಿಡಬೇಡಿ. ಉಳಿದವರು ಬಿಡಬಹುದು, ಅಭ್ಯಾಸ ಗಟ್ಟಿಯಾಗಿದ್ದರೆ.

ಮೂರು ತಳಿಯದೋ, ನಾಲ್ಕು ತಳಿಯದೋ?

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎರಡು ಬಗೆಯ ಲಸಿಕೆಯಲ್ಲೂ ಎಚ್1ಎನ್1, ಎಚ್3ಎನ್2 ಮತ್ತು ಬಿ ಗುಂಪಿನ ವಿಕ್ಟೋರಿಯಾ ಎಂಬ ಫ್ಲೂ ತಳಿಗಳು ಇರುತ್ತವೆ. ನಾಲ್ಕನೆಯದು ಬಿ ಗುಂಪಿನದೇ ಯಮಗಾಟಾ. ಅದು 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಕಂಡುಬಂದಿಲ್ಲ. ಅದನ್ನು ಲಸಿಕೆಯಿಂದ ಬಿಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ನಾಲ್ಕು ಅಂದರೆ ಒಳ್ಳೆಯದು ಅಂತ ಜಾಸ್ತಿ ದುಡ್ಡು ಕೊಡುವ ಕಾರಣ ಈಗ ಉಳಿದಿಲ್ಲ. ಯಾವುದು ಸಿಗುತ್ತದೋ ಅದು.

ಸೂಜಿಯ ಲಸಿಕೆಯಲ್ಲಿ ಇರುವುದು ಸತ್ತ ವೈರಸ್. ಅದರಿಂದ ಫ್ಲೂ ಬರುವುದಿಲ್ಲ. ತೋಳು ನೋಯುತ್ತದೆ, ಒಂದೆರಡು ದಿನ ಮೈ ಬೆಚ್ಚಗಾಗಬಹುದು, ಅಷ್ಟೇ. ಮೂಗಿಗೆ ಸಿಂಪಡಿಸುವ ಲಸಿಕೆಯನ್ನು ಪುಣೆಯ ಸೀರಂ ಸಂಸ್ಥೆ ತಯಾರಿಸಿದೆ. ಸೂಜಿ ಕಂಡರೆ ಕಿರುಚುವ ಮಕ್ಕಳಿಗೆ ಅದು ಚಂದ. ಆದರೆ ಅದರಲ್ಲಿ ಇರುವುದು ಬಲ ಕುಂದಿಸಿದ ಜೀವಂತ ವೈರಸ್. ಎರಡು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಅದು ಬೇಡ. ಉಬ್ಬಸ ಇರುವ ಮಗುವಾದರೆ ಡಾಕ್ಟರಿಗೆ ಮೊದಲೇ ಹೇಳಿ. ನಮ್ಮ ಊರುಗಳಲ್ಲಿ ಸೂಜಿಯ ಲಸಿಕೆಯನ್ನೇ ನಂಬಿ ಹೊರಡುವುದು ಒಳ್ಳೆಯದು.

ಮೊಟ್ಟೆಯಲ್ಲಿ ಮಾಡಿದ್ದಂತೆ, ಹೌದಾ ಅಂತ ಸಸ್ಯಾಹಾರಿ ಮನೆಗಳಲ್ಲಿ ಕೇಳುತ್ತಾರೆ. ಹೌದು, ಬಹುಪಾಲು ಫ್ಲೂ ಲಸಿಕೆಗಳಿಗೆ ವೈರಸ್ ಬೆಳೆಸುವುದು ಕೋಳಿಮೊಟ್ಟೆಯಲ್ಲಿ. ಆಮೇಲೆ ಅದನ್ನು ಶುದ್ಧ ಮಾಡುತ್ತಾರೆ, ಮೊಟ್ಟೆಯ ಅಂಶ ತೀರಾ ಅತ್ಯಲ್ಪ ಉಳಿಯುತ್ತದೆ. ಮುಚ್ಚಿಟ್ಟು ಹಾಕಿಸುವುದಕ್ಕಿಂತ ಮನೆಯ ಹಿರಿಯರಿಗೆ ಇದನ್ನು ತಿಳಿಸಿ, ಅವರೇ ತೀರ್ಮಾನ ಮಾಡಲಿ. ಔಷಧಿ ಅಂತ ಒಪ್ಪುವವರೇ ಹೆಚ್ಚು.

ಮೇ-ಜೂನ್‌ನಲ್ಲೋ, ಅಕ್ಟೋಬರ್‌ನಲ್ಲೋ?

ಇಲ್ಲಿ ಎಡವುವವರು ಬಹಳ ಜನ. ಅಮೆರಿಕದಲ್ಲಿರುವ ತಮ್ಮನೋ ಮಗನೋ ಫೋನ್ ಮಾಡಿ, ಅಕ್ಟೋಬರ್ ಬಂತು, ಫ್ಲೂ ಶಾಟ್ ಹಾಕಿಸಿಕೊಳ್ಳಿ ಅನ್ನುತ್ತಾನೆ. ಅವನಿಗೆ ಅದು ಸರಿ. ಅಲ್ಲಿ ಫ್ಲೂ ಏರುವುದು ಡಿಸೆಂಬರ್ ನಂತರದ ಚಳಿಯಲ್ಲಿ. ನಮ್ಮಲ್ಲಿ ದೊಡ್ಡ ಏರಿಕೆ ಮಳೆಗಾಲದಲ್ಲಿ, ಜುಲೈನಿಂದ ಸೆಪ್ಟೆಂಬರ್ ನಡುವೆ. ಇನ್ನೊಂದು ಏರಿಕೆ ಜನವರಿಯಿಂದ ಮಾರ್ಚ್‌ವರೆಗೆ.

ನಮ್ಮ ಪಂಚಾಂಗದ ಜೊತೆ ಇಟ್ಟು ನೋಡಿ. ಆಗಸ್ಟ್ ಸುಮಾರಿಗೆ ಮಂತ್ರಾಲಯದಲ್ಲಿ ರಾಯರ ಆರಾಧನೆ. ರಾಯಚೂರಿನ ಬಸ್ಸು, ರೈಲು ಎಲ್ಲ ತುಂಬಿ ತುಳುಕುತ್ತವೆ. ಹೊರಗೆ ಜಿಟಿಜಿಟಿ ಮಳೆ, ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ, ಲಕ್ಷಾಂತರ ಜನ ಸೇರುತ್ತಾರೆ. ಫ್ಲೂ ಏರುವ ಎರಡೂ ಕಾಲದಲ್ಲಿ ನಾವು ಒತ್ತೊತ್ತಾಗಿ ಸೇರುವ ಕಾರಣಗಳೂ ಇವೆ.

ಲಸಿಕೆ ಹಾಕಿದ ಮೇಲೆ ದೇಹ ತಯಾರಾಗಲು ಎರಡು ವಾರ ಬೇಕು. ಆಮೇಲೆ ತಿಂಗಳು ಕಳೆದಂತೆ ಅದರ ಬಲ ನಿಧಾನಕ್ಕೆ ಇಳಿಯುತ್ತದೆ. ಮೇ ಕೊನೆ ಅಥವಾ ಜೂನ್ ಮೊದಲಿಗೆ ಹಾಕಿಸಿದರೆ ಮಳೆಗಾಲದ ಏರಿಕೆಯ ಹೊತ್ತಿಗೆ ಬಲ ಪೂರ್ತಿ ಇರುತ್ತದೆ, ಜನವರಿಗೂ ಒಂದಿಷ್ಟು ಉಳಿದಿರುತ್ತದೆ. ಅಕ್ಟೋಬರ್‌ಗೆ ಹಾಕಿಸಿದರೆ ಜಾತ್ರೆಗೆ ಚೆನ್ನಾಗಿ ಒದಗುತ್ತದೆ, ಆದರೆ ದೊಡ್ಡ ಏರಿಕೆ ಆಗಲೇ ಮುಗಿದಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ವರ್ಷಕ್ಕೆ ಒಂದೇ ಸಲ ದುಡ್ಡು ಹಾಕಲು ಆಗುವುದಾದರೆ ನನ್ನ ಆಯ್ಕೆ ಮೇ-ಜೂನ್. ತಪ್ಪಿಹೋಯಿತು ಅಂತಾದರೆ ಆಗಸ್ಟ್‌ನಲ್ಲಾದರೂ ಸರಿ, ಸುಮ್ನೆ ಮುಂದಿನ ವರ್ಷಕ್ಕೆ ತಳ್ಳಬೇಡಿ.

ಇನ್ನೊಂದು ವಿಷಯ. ಯಾವ ತಳಿಗಳನ್ನು ಹಾಕಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಹೇಳುತ್ತದೆ. ಫೆಬ್ರುವರಿಯಲ್ಲಿ ಭೂಮಿಯ ಉತ್ತರಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಾರ್ಧಕ್ಕೆ. ಸೆಪ್ಟೆಂಬರ್‌ನ ಪಟ್ಟಿಯ ಪ್ರಕಾರ ತಯಾರಾದ ಲಸಿಕೆ ಮುಂದಿನ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ಮಾರುಕಟ್ಟೆಗೆ ಬರುತ್ತದೆ. ಮೇ ತಿಂಗಳಲ್ಲಿ ಹೋದವರಿಗೆ ಹಿಂದಿನ ಚಳಿಗಾಲದ ಉಳಿದ ಸರಕು ಕೈಗೆ ಬರುವ ಸಾಧ್ಯತೆ ಇದೆ. ಹಾಗಾಗಿ "ಹೊಸ ಸ್ಟಾಕ್ ಬಂತೇನ್ರಿ ಡಾಕ್ಟ್ರೇ?" ಅಂತ ಕೇಳಿ, ಡಬ್ಬಿಯ ಮೇಲಿನ ವರ್ಷ ಮತ್ತು ಮುಗಿಯುವ ದಿನಾಂಕ ನೋಡಿ. ಕೇಳುವುದರಲ್ಲಿ ಸಂಕೋಚ ಬೇಡ, ದುಡ್ಡು ನಿಮ್ಮದು.

ಎಲ್ಲಿ ಹಾಕಿಸುವುದು?

ನಮ್ಮ ಜಿಲ್ಲೆಗಳಿಗೆ ಈ ಪ್ರಶ್ನೆ ಬೇರೆ ಕಡೆಗಿಂತ ಮುಖ್ಯ. ಫ್ಲೂ ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಅದಕ್ಕಿಂತ ಬಿಸಿಯಾದರೆ ಅದರ ಬಲ ಕುಗ್ಗುತ್ತದೆ, ಹೆಪ್ಪುಗಟ್ಟಿದರೂ ಕೆಟ್ಟಿತು. ಮೇ ತಿಂಗಳ ರಾಯಚೂರು ಹೇಗಿರುತ್ತದೆ ಅಂತ ನಿಮಗೆ ಗೊತ್ತು, 40 ಡಿಗ್ರಿ ದಾಟುವುದು ಅಲ್ಲಿ ಸಾಮಾನ್ಯ. ಮೆಡಿಕಲ್ ಶಾಪಿನಲ್ಲಿ ಲಸಿಕೆ ಕೊಂಡು, ಕ್ಯಾರಿಬ್ಯಾಗಿನಲ್ಲಿ ಹಾಕಿ, ಬೈಕಿನ ಹ್ಯಾಂಡಲ್‌ಗೆ ತೂಗುಹಾಕಿಕೊಂಡು ಬಿಸಿಲಲ್ಲಿ ಕ್ಲಿನಿಕ್‌ಗೆ ಹೋಗುವವರನ್ನು ನೋಡಿದ್ದೇನೆ. ಅಲ್ಲಿ ಪಾಳಿ ಬರುವತನಕ ಇನ್ನೊಂದು ತಾಸು. ಕೆಟ್ಟ ಲಸಿಕೆ ನೋಡಲು ಒಳ್ಳೆಯದರ ಹಾಗೇ ಇರುತ್ತದೆ. ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ. ಎರಡು ಸಾವಿರ ಕೊಟ್ಟು ನೀರು ಚುಚ್ಚಿಸಿಕೊಂಡು ಬಂದರೂ ನಮಗೆ ಗೊತ್ತಾಗುವುದಿಲ್ಲ.

ಆದ್ದರಿಂದ ಲಸಿಕೆಯನ್ನು ತಮ್ಮ ಫ್ರಿಜ್‌ನಲ್ಲೇ ಇಟ್ಟುಕೊಂಡು ಅಲ್ಲೇ ಹಾಕುವ ಕ್ಲಿನಿಕ್ಕೇ ಮೊದಲ ಆಯ್ಕೆ. ಹೋಗುವ ಮುಂಚೆ ಫೋನ್ ಮಾಡಿ ಕೇಳಿ: ಲಸಿಕೆ ನಿಮ್ಮಲ್ಲೇ ಇದೆಯಾ, ನಾವು ತರಬೇಕಾ? ಕರೆಂಟ್ ಹೋದರೆ ಫ್ರಿಜ್‌ಗೆ ಬ್ಯಾಕಪ್ ಇದೆಯಾ? ಲಸಿಕೆಗೆ ಬೇರೆ ಫ್ರಿಜ್ ಇಟ್ಟು, ಒಳಗಿನ ಉಷ್ಣತೆಯನ್ನು ದಿನವೂ ಬರೆದಿಡುವ ಕ್ಲಿನಿಕ್‌ಗಳಿವೆ. ಬಾಗಿಲಿನ ಅರೆಯಲ್ಲಿ ನೀರಿನ ಬಾಟಲಿ, ಮಜ್ಜಿಗೆ ಪ್ಯಾಕೆಟ್ ಜೊತೆ ಲಸಿಕೆ ಇಟ್ಟಿದ್ದು ಕಂಡರೆ ಬೇರೆ ಕಡೆ ಹೋಗಿ. ಬಾಗಿಲು ತೆಗೆದಾಗಲೆಲ್ಲ ಮೊದಲು ಬಿಸಿಯಾಗುವುದು ಆ ಅರೆಯೇ.

ಸಿಂಧನೂರು, ಲಿಂಗಸುಗೂರು, ಕುಷ್ಟಗಿ, ಸಂಡೂರಿನಂಥ ಊರುಗಳವರಿಗೆ ಒಂದು ಮಾತು. ಮಕ್ಕಳ ಡಾಕ್ಟರ ಹತ್ತಿರ ಈ ಲಸಿಕೆ ಸಿಗುವ ಸಾಧ್ಯತೆ ಹೆಚ್ಚು. ಯಾಕಂದರೆ ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಪ್ರತಿ ವರ್ಷ ಹಾಕಿಸಿ ಅಂತ ದೇಶದ ಮಕ್ಕಳ ತಜ್ಞರ ಸಂಘವೇ ಹೇಳುತ್ತದೆ. ದೊಡ್ಡವರೂ ಅಲ್ಲೇ ಕೇಳಬಹುದು. ಮೆಡಿಕಲ್‌ನಿಂದ ತರಲೇಬೇಕಾದರೆ ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿ, ಐಸ್ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ, ಬೆಳಿಗ್ಗೆ ಬಿಸಿಲೇರುವ ಮುಂಚೆ ತನ್ನಿ. ಹಾಕಿಸಿಕೊಂಡ ಮೇಲೆ ಅರ್ಧ ತಾಸು ಅಲ್ಲೇ ಕೂತಿದ್ದು ಬನ್ನಿ. ಹಿಂದೆ ಇದೇ ಲಸಿಕೆಗೆ ಜೋರು ಅಲರ್ಜಿ ಆಗಿದ್ದವರು ಹಾಕಿಸಿಕೊಳ್ಳಬಾರದು. ಮೈ ಸುಡುವ ಜ್ವರ ಇದ್ದರೆ ಇಳಿಯಲಿ, ಆಮೇಲೆ ಹೋಗಿ.

ಮೊದಲು ಯಾರಿಗೆ?

ಬಸುರಿ ಹೆಣ್ಣುಮಗಳು ಮನೆಯಲ್ಲಿದ್ದರೆ ಅವಳಿಗೆ ಮೊದಲು, ಬೇರೆ ಯೋಚನೆ ಬೇಡ. ಬಸುರಿಯರಿಗೆ ಫ್ಲೂ ಬಂದರೆ ಉಸಿರಾಟದ ತೊಂದರೆ ಬೇಗ ಏರುತ್ತದೆ. ಯಾವ ತಿಂಗಳಲ್ಲಾದರೂ ಹಾಕಿಸಬಹುದು. ಇನ್ನೊಂದು ಲಾಭವೂ ಇದೆ. ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆ ಹಾಕುವಂತಿಲ್ಲ, ಆದರೆ ತಾಯಿ ಹಾಕಿಸಿಕೊಂಡಿದ್ದರೆ ಆ ರಕ್ಷಣೆ ಹೊಟ್ಟೆಯಲ್ಲಿರುವಾಗಲೇ ಕೂಸಿಗೂ ಇಳಿಯುತ್ತದೆ. ಒಂದು ಸೂಜಿಗೆ ಎರಡು ಜೀವ. ಬಾಣಂತನಕ್ಕೆ ತವರಿಗೆ ಬಂದವಳಿಗೆ ಇನ್ನೂ ಹಾಕಿಸಿಲ್ಲ ಅಂದರೆ ಈಗಲೂ ಹಾಕಿಸಿ. ಮೊಲೆಯುಣಿಸುವುದಕ್ಕೆ ಅಡ್ಡಿಯಿಲ್ಲ.

ಆಮೇಲೆ ಸಕ್ಕರೆ ಕಾಯಿಲೆ, ಹೃದಯ, ಕಿಡ್ನಿ, ಉಬ್ಬಸದ ತೊಂದರೆ ಇರುವವರು. ಹೃದಯದ ವಿಷಯ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಫ್ಲೂ ಖಚಿತವಾದ ಮೊದಲ ಏಳು ದಿನ ಹೃದಯಾಘಾತದ ಅಪಾಯ ಸುಮಾರು 6 ಪಟ್ಟು ಏರುತ್ತದೆ ಅಂತ 2018ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನ ತೋರಿಸಿತು. ಸ್ಟೆಂಟ್ ಹಾಕಿಸಿಕೊಂಡ ಅಪ್ಪ ದಿನಕ್ಕೆ ನಾಲ್ಕು ಗುಳಿಗೆ ತಪ್ಪದೆ ನುಂಗುತ್ತಾರೆ. ವರ್ಷಕ್ಕೊಂದು ಸೂಜಿ ಅದರ ಜೊತೆ ಸೇರಬೇಕು.

ಇದೇ ಸಾಲಿನಲ್ಲಿ ಇನ್ನೊಂದು ಗುಂಪನ್ನು ನಾನು ಸೇರಿಸುತ್ತೇನೆ. ಸಂಡೂರಿನ ಗಣಿ, ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ, ಗಿಣಿಗೇರಿಯ ಕಬ್ಬಿಣದ ಕಾರ್ಖಾನೆ, ಗಂಗಾವತಿಯ ರೈಸ್‌ಮಿಲ್. ಇಂಥ ಕಡೆ ಹತ್ತಿಪ್ಪತ್ತು ವರ್ಷ ಧೂಳು ಕುಡಿದು ದುಡಿದವರು. ವಯಸ್ಸು ನಲವತ್ತೈದು, ಗಟ್ಟಿಮುಟ್ಟಾಗಿ ಕಾಣುತ್ತಾರೆ, ಆದರೆ ಎರಡು ಅಂತಸ್ತು ಹತ್ತಿದರೆ ಏದುಸಿರು. ಕೆಮ್ಮು ಅವರಿಗೆ ರೂಢಿಯಾಗಿಬಿಟ್ಟಿದೆ. ಅಂಥ ಶ್ವಾಸಕೋಶಕ್ಕೆ ಫ್ಲೂ ಬಿದ್ದರೆ ತಿಂಗಳುಗಟ್ಟಲೆ ಕೆಲಸ ಇಲ್ಲ. ಮನೆ ನಡೆಯುವುದು ಅವರ ದುಡಿಮೆಯಿಂದಲೇ ಅಲ್ವಾ? ಅವರು ತಾವಾಗಿ ಕೇಳುವುದಿಲ್ಲ, ಮನೆಯವರೇ ಹೇಳಬೇಕು.

ಅಜ್ಜಿಗೋ ಮೊಮ್ಮಗನಿಗೋ ಅನ್ನುವುದು ಕಷ್ಟದ ಆಯ್ಕೆ. ಅಜ್ಜಿಗೆ ಸಕ್ಕರೆ, ಬಿಪಿ, ಹೃದಯ ಅಂತ ಏನಾದರೂ ಇದ್ದರೆ, ಅಥವಾ ವಯಸ್ಸು 65 ದಾಟಿದ್ದರೆ ಅಜ್ಜಿಗೇ ಮೊದಲು. ಅಜ್ಜಿ ಅರವತ್ತರ ಆಸುಪಾಸು, ಹೊಲಕ್ಕೆ ಹೋಗಿ ಬರುವಷ್ಟು ಗಟ್ಟಿ, ಮೊಮ್ಮಗ ಎರಡು ವರ್ಷದವನು, ಈಗಷ್ಟೇ ಅಂಗನವಾಡಿಗೆ ಹೋಗುತ್ತಿದ್ದಾನೆ ಅಂದರೆ ನಾನು ಮೊಮ್ಮಗನನ್ನು ಆರಿಸುತ್ತೇನೆ. ಸಣ್ಣ ಮಕ್ಕಳಿಗೂ ಫ್ಲೂ ಅಪಾಯವೇ, ಮತ್ತು ಮನೆಗೆ ಅದನ್ನು ತರುವವರೂ ಹೆಚ್ಚಾಗಿ ಅವರೇ. ಜಪಾನಿನಲ್ಲಿ ಮೂರು ದಶಕ ಕಾಲ ಶಾಲಾ ಮಕ್ಕಳಿಗೆ ಫ್ಲೂ ಲಸಿಕೆ ಹಾಕುತ್ತಿದ್ದರು. ಆ ಕಾಲದಲ್ಲಿ ಚಳಿಗಾಲದ ವೃದ್ಧರ ಸಾವು ಕಡಿಮೆಯಾಗಿತ್ತು, ಕಾರ್ಯಕ್ರಮ ನಿಂತ ಮೇಲೆ ಮತ್ತೆ ಏರಿತು ಅಂತ 2001ರ ಅಧ್ಯಯನವೊಂದು ಹೇಳಿತು. ಒಂದು ಖರ್ಚು ಮಾತ್ರ ನೆನಪಿಡಿ: ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲ ಹಾಕಿಸುವಾಗ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಜೂನ್‌ಗೆ ಎರಡೂ ಮುಗಿಯಬೇಕೆಂದರೆ ಮೇ ಮೊದಲಿಗೇ ಹೊರಡಬೇಕು.

ಅಭ್ಯಾಸಗಳಲ್ಲಿ ಯಾವುದಕ್ಕೆ ಎಷ್ಟು ತೂಕ?

ಜ್ವರ ಬಂದವರು ಮನೆಯಲ್ಲಿ ಇರುವುದೇ ಎಲ್ಲಕ್ಕಿಂತ ದೊಡ್ಡದು. ಗುಳಿಗೆ ಇಲ್ಲದೆ 24 ತಾಸು ಜ್ವರ ಬಾರದಿದ್ದರೆ ಮಗುವನ್ನು ಶಾಲೆಗೆ ಕಳಿಸಿ. ಬೆಳಿಗ್ಗೆ ಪ್ಯಾರಾಸಿಟಮಾಲ್ ಕುಡಿಸಿ ಕಳಿಸಿದರೆ ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಹತ್ತು ಮಕ್ಕಳಿಗೆ ಹಂಚಿ ಬರುತ್ತದೆ. ದಿನಗೂಲಿಯವರಿಗೆ ಮನೆಯಲ್ಲಿ ಇರಿ ಅನ್ನುವುದು ಕಷ್ಟ, ಅದು ನನಗೆ ಗೊತ್ತು. ಅವರು ಮಾಸ್ಕ್ ಹಾಕಿಕೊಂಡು ಹೋಗಲಿ, ರಾತ್ರಿ ಅಜ್ಜ-ಅಜ್ಜಿಯಿಂದ ದೂರ ಮಲಗಲಿ.

ಎರಡನೆಯದು ಗಾಳಿ. ನಮ್ಮಲ್ಲಿ ಬೂದಿ, ಧೂಳು, ಸೊಳ್ಳೆ ಅಂತ ಕಿಟಕಿ ಮುಚ್ಚಿಯೇ ಇಡುತ್ತೇವೆ. ಪಡಸಾಲೆಯಲ್ಲಿ ಆರು ಜನ ಸಾಲಾಗಿ ಮಲಗುತ್ತೇವೆ. ಕಾಯಿಲೆಯವರಿದ್ದಾಗ ಕಿಟಕಿಗೆ ಸೊಳ್ಳೆ ಪರದೆ ಹಾಕಿ, ಎದುರುಬದುರು ಎರಡು ಕಡೆ ತೆರೆದಿಡಿ. ಕಿಟಕಿಗೆ ಕೂರಿಸಿದ ಕೂಲರ್ ಹೊರಗಿನ ಗಾಳಿಯನ್ನು ಒಳಗೆ ತಳ್ಳುತ್ತದೆ, ಎದುರಿನ ಬಾಗಿಲು ತೆರೆದಿದ್ದರೆ ಕೋಣೆಯ ಗಾಳಿ ಹೊರಗೆ ಹೋಗುತ್ತದೆ. ಮಳೆಗಾಲದಲ್ಲಿ ನೀರು ಹಾಕದೆ ಬರೀ ಫ್ಯಾನ್ ಓಡಿಸಿದರೂ ಆ ಕೆಲಸ ಆಗುತ್ತದೆ. ಈ ವಿಷಯದಲ್ಲಿ ಬಾಗಿಲು ಮುಚ್ಚಿದ ಎಸಿ ಕೋಣೆಗಿಂತ ಕೂಲರ್ ಇರುವ ಮನೆಯೇ ಮೇಲು.

ಮಾಸ್ಕ್‌ನಲ್ಲಿ, ಮುಖಕ್ಕೆ ಸುತ್ತಿದ ಟವೆಲ್ ದಪ್ಪ ಧೂಳಿಗೆ ಆದೀತು, ವೈರಸ್‌ಗೆ ಸಾಲದು. ಕೆಮ್ಮುವವರಿಗೆ ಮೂರು ಪದರದ ಸರ್ಜಿಕಲ್ ಮಾಸ್ಕ್ ಸಾಕು. ಅವರ ಆರೈಕೆ ಮಾಡುವವರು, ಆಸ್ಪತ್ರೆಗೆ ಹೋಗುವವರು ಎನ್95 ಹಾಕಿಕೊಂಡರೆ ಒಳ್ಳೆಯದು. ಕವಾಟ ಇರುವ ಎನ್95 ಅನ್ನು ಕಾಯಿಲೆಯವರಿಗೆ ಕೊಡಬೇಡಿ, ಉಸಿರು ಅದರಿಂದ ನೇರ ಹೊರಗೆ ಬರುತ್ತದೆ.

ಕೈ ತೊಳೆಯುವುದಕ್ಕೆ ಸೋಪು-ನೀರು, 20 ಸೆಕೆಂಡ್. ಸ್ಯಾನಿಟೈಸರ್ ಪ್ರಯಾಣಕ್ಕೆ, ಅದರಲ್ಲಿ ಆಲ್ಕೋಹಾಲ್ ಕನಿಷ್ಠ ಶೇಕಡಾ 60 ಇರಲಿ. ಮಿರ್ಚಿ-ಮಂಡಕ್ಕಿ ತಿಂದ ಎಣ್ಣೆ ಕೈಗೆ ಅದು ಹತ್ತುವುದಿಲ್ಲ. ನೀರು ಕುಡಿಯುವ ಲೋಟ, ಮುಖ ಒರೆಸುವ ಟವೆಲ್ ಬೇರೆ ಬೇರೆ ಇರಲಿ.

ಶುಂಠಿ-ಮೆಣಸಿನ ಕಷಾಯ ಗಂಟಲಿಗೆ ಹಿತ, ಕುಡಿಯಿರಿ. ಆದರೆ ಅದು ಫ್ಲೂ ತಡೆಯುವುದಿಲ್ಲ. ವಿಟಮಿನ್ ಸಿ ಗುಳಿಗೆಯೂ ಅಷ್ಟೇ. ಸಕ್ಕರೆ ಕಾಯಿಲೆಯವರ ಕಷಾಯಕ್ಕೆ ಬೆಲ್ಲ ಬೇಡ. ಮಕ್ಕಳಿಗೆ ಕುದಿಯುವ ನೀರಿನ ಹಬೆ ಬೇಡವೇ ಬೇಡ, ಪಾತ್ರೆ ಮಗುಚಿ ಸುಟ್ಟುಕೊಳ್ಳುತ್ತಾರೆ.

ಬಂದೇಬಿಟ್ಟರೆ

ಮಳೆಗಾಲದ ಜ್ವರ ಅಂದರೆ ನಮ್ಮಲ್ಲಿ ಡೆಂಗಿಯೂ ಇರಬಹುದು. ಕೆಮ್ಮು, ಗಂಟಲು ನೋವು ಜೊತೆಗಿದ್ದರೆ ಫ್ಲೂ ಕಡೆ ವಾಲುತ್ತದೆ. ಕೆಮ್ಮೇ ಇಲ್ಲದೆ ಕಣ್ಣಿನ ಹಿಂದೆ ನೋವು, ಮೈಮೇಲೆ ಗಂಧೆ ಕಂಡರೆ ರಕ್ತ ಪರೀಕ್ಷೆ ಮಾಡಿಸಿ. ಯಾವುದೆಂದು ತಿಳಿಯುವವರೆಗೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಬ್ರೂಫೆನ್ ಬೇಡ. ಜ್ವರ ಬಂದ ಕೂಡಲೇ ಒಂದು ಗ್ಲೂಕೋಸ್ ಬಾಟಲಿ, ಎರಡು ಸೂಜಿ ಹಾಕಿಸಿಕೊಳ್ಳುವ ರೂಢಿ ಹಳ್ಳಿಗಳಲ್ಲಿ ಇದೆ. ಬಾಯಲ್ಲಿ ನೀರು, ಗಂಜಿ, ಮಜ್ಜಿಗೆ ಇಳಿಯುತ್ತಿದ್ದರೆ ಬಾಟಲಿ ಬೇಕಿಲ್ಲ. ಆಂಟಿಬಯೋಟಿಕ್ ವೈರಸ್‌ಗೆ ಕೆಲಸ ಮಾಡುವುದಿಲ್ಲ. ಆ ದುಡ್ಡು ಎರಡು ಮೂರು ಸಲದ್ದು ಕೂಡಿಸಿದರೆ ಒಂದು ಲಸಿಕೆಯ ಹತ್ತಿರ ಬರುತ್ತದೆ.

ಗಟ್ಟಿಮುಟ್ಟಾದವರಿಗೆ ಸಣ್ಣ ಜ್ವರ, ಕೆಮ್ಮು ಅಂದರೆ ಪರೀಕ್ಷೆಯೂ ಬೇಡ, ಮನೆಯಲ್ಲಿ ವಿಶ್ರಾಂತಿ ಸಾಕು. ಬಸುರಿ, ಹಸುಗೂಸು, ವೃದ್ಧರು, ಸಕ್ಕರೆ-ಹೃದಯ-ಉಬ್ಬಸದವರಿಗೆ ಹಾಗಲ್ಲ. ಅವರಿಗೆ ಒಸೆಲ್ಟಾಮಿವಿರ್ ಎಂಬ ಔಷಧಿ ಇದೆ. ಲಕ್ಷಣ ಶುರುವಾಗಿ 48 ತಾಸಿನೊಳಗೆ ಕೊಟ್ಟರೆ ಹೆಚ್ಚು ಉಪಯೋಗ. ನಾಳೆ ನೋಡೋಣ ಅನ್ನುತ್ತಾ ಕೂರದೆ ಅಂದೇ ಡಾಕ್ಟರಿಗೆ ತೋರಿಸಿ.

ಏದುಸಿರು, ಎದೆನೋವು, ಮಂಪರು, ಉಗುರು ನೀಲಿಯಾಗುವುದು, ಮಗು ಹಾಲು ಕುಡಿಯದಿರುವುದು ಕಂಡರೆ ಸಣ್ಣ ಕ್ಲಿನಿಕ್‌ನಲ್ಲಿ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ, ರಾಯಚೂರಿನ ರಿಮ್ಸ್, ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆ, ಬಳ್ಳಾರಿಯಲ್ಲಿ ಎಲ್ಲರೂ ವಿಮ್ಸ್ ಎಂದು ಕರೆಯುವ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ನೇರ ಹೋಗಿ. ಜ್ವರ ಪೂರ್ತಿ ಬಿಟ್ಟು, ಎರಡು ಮೂರು ದಿನ ಆರಾಮಿದ್ದು, ಮತ್ತೆ ಜೋರಾಗಿ ಬಂದರೂ ಹಾಗೇ ಮಾಡಿ. ಅದು ಫ್ಲೂ ಹಿಂದೆಯೇ ಬರುವ ನ್ಯುಮೋನಿಯಾ ಇರಬಹುದು, ಅದಕ್ಕೆ ಆಗ ಆಂಟಿಬಯೋಟಿಕ್ ಬೇಕೇ ಬೇಕು.